ಪ್ರೊಬೇಷನ್‌ನಲ್ಲೇ ರಾಜೀನಾಮೆ: ನೋಟಿಸ್ ಪೇ ಹಿಡಿಯಬೇಕಾ, ಬಿಡಬೇಕಾ?

ಜೂನ್ 3, ಬೆಳಗ್ಗೆ ಒಂಬತ್ತೂವರೆ. ಬೆಂಗಳೂರಿನ ಪೀಣ್ಯದ ಒಂದು ಸಣ್ಣ ಘಟಕದ ಮಾಲೀಕರು ಫೋನ್ ಮಾಡಿದರು. ಅವರ ಇಪ್ಪತ್ತೆರಡು ಜನರ ಸಂಬಳದ ಲೆಕ್ಕ ನಾನೇ ನೋಡುವುದು. ಪರ್ಚೇಸ್ ನೋಡಿಕೊಳ್ಳುತ್ತಿದ್ದ ಹುಡುಗ ವಾಟ್ಸಾಪ್‌ನಲ್ಲಿ ಮೂರು ಸಾಲು ಕಳಿಸಿದ್ದನಂತೆ. "ಸರ್, ಬೇರೆ ಕಡೆ ಆಫರ್ ಬಂದಿದೆ. 15ಕ್ಕೆ ಸೇರಬೇಕು. 12 ನನ್ನ ಕೊನೇ ದಿನ." ಸೇರಿ ನಾಲ್ಕು ತಿಂಗಳಾಗಿತ್ತು. ಪ್ರೊಬೇಷನ್ ಆರು ತಿಂಗಳು.

"ಮೇಡಂ, ಒಂದು ರೂಪಾಯಿನೂ ಕೊಡಬೇಡಿ. ಲೆಕ್ಕ ಹಾಕಿ, ಅವನೇ ಎಷ್ಟು ಕೊಡಬೇಕು ಹೇಳಿ" ಅಂದರು ಮಾಲೀಕರು.

ನೋಟಿಸ್ ಪೇ ಅಂದರೆ ನೋಟಿಸ್‌ನಲ್ಲಿ ಬಾಕಿ ಉಳಿದ ದಿನಗಳ ಬದಲು ಕೊಡುವ ಹಣ. ಅದರ ಲೆಕ್ಕ ಹಾಕುವುದು ಹತ್ತು ನಿಮಿಷದ ಕೆಲಸ. ಯಾವ ಲೆಕ್ಕ ಹಾಕಬೇಕು ಅನ್ನುವುದೇ ತಲೆನೋವು. ದಾರಿಗಳು ಐದಾರಿವೆ. ಒಂದರಲ್ಲಿ ಹುಡುಗನೇ ಹತ್ತು ಸಾವಿರ ಚಿಲ್ಲರೆ ಕೊಡಬೇಕಾಗುತ್ತದೆ. ಇನ್ನೊಂದರಲ್ಲಿ ಕಂಪನಿ ಅವನಿಗೆ ಹದಿನಾಲ್ಕು ಸಾವಿರ ಕೊಡಬೇಕಾಗುತ್ತದೆ. ಸಣ್ಣ ಕಂಪನಿ ನಡೆಸುವವರಿಗೆ, ಅಲ್ಲಿ ಎಚ್‌ಆರ್ ಮತ್ತು ಅಕೌಂಟ್ಸ್ ಎರಡನ್ನೂ ಒಬ್ಬರೇ ಎಳೆಯುವವರಿಗೆ ಇದನ್ನು ಬರೆಯುತ್ತಿದ್ದೇನೆ. ರಾಜೀನಾಮೆ ಕೊಡುವವರು ಓದಿದರೂ ನಷ್ಟ ಇಲ್ಲ.

ಮೊದಲು ಆಫರ್ ಲೆಟರ್ ತೆಗೆಯಿರಿ

ಪ್ರೊಬೇಷನ್‌ನಲ್ಲಿರುವವರು ಬಿಡುವಾಗ ಎಷ್ಟು ದಿನ ನೋಟಿಸ್ ಕೊಡಬೇಕು ಅಂತ ಎಲ್ಲರಿಗೂ ಅನ್ವಯಿಸುವ ಒಂದೇ ಕಾನೂನು ಸಾಲು ಇಲ್ಲ. ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯ 39ನೇ ಸೆಕ್ಷನ್ ಒಂದು ತಿಂಗಳ ನೋಟಿಸ್ ಬಗ್ಗೆ ಹೇಳುತ್ತದೆ, ನಿಜ. ಆದರೆ ಅದು ಮಾಲೀಕರು ನೌಕರರನ್ನು ತೆಗೆಯುವಾಗ. ಅದೂ ಆರು ತಿಂಗಳು ಸತತವಾಗಿ ಕೆಲಸ ಮಾಡಿದವರಿಗೆ. ನೌಕರರೇ ಬಿಟ್ಟು ಹೋಗುವಾಗ ಮಾತು ನಿಲ್ಲುವುದು ಇಬ್ಬರೂ ಸಹಿ ಹಾಕಿದ ಪತ್ರದ ಮೇಲೆ. ದೊಡ್ಡ ಕಾರ್ಖಾನೆಗಳಲ್ಲಿ ಸ್ಥಾಯಿ ಆದೇಶಗಳು, ಅಂದರೆ ಕೆಲಸದ ಷರತ್ತುಗಳ ಲಿಖಿತ ನಿಯಮಗಳು, ಇರುತ್ತವೆ. ಅಲ್ಲಿ ಅದನ್ನೂ ನೋಡಬೇಕು.

ಪತ್ರದಲ್ಲಿ ನಾನು ಮೂರು ವಿಷಯ ಹುಡುಕುತ್ತೇನೆ. ಪ್ರೊಬೇಷನ್‌ಗೆ ಬೇರೆ ನೋಟಿಸ್ ಅವಧಿ ಇದೆಯಾ? ನೋಟಿಸ್ ಬದಲು ಹಣ ಕೊಟ್ಟು ಹೋಗಬಹುದು ಅಂತ ಇದೆಯಾ, ಇದ್ದರೆ ಆ ಆಯ್ಕೆ ಯಾರ ಕೈಯಲ್ಲಿದೆ? ಹಣ ಅಂದರೆ ಗ್ರಾಸ್ ಸಂಬಳವಾ (ಭತ್ಯೆಗಳೂ ಸೇರಿ, ಕಡಿತಕ್ಕೆ ಮುಂಚಿನ ಒಟ್ಟು), ಬೇಸಿಕ್ಕಾ (ಭತ್ಯೆ ಬಿಟ್ಟು ಮೂಲ ಸಂಬಳ ಮಾತ್ರ)?

ಮೊದಲನೆಯದರಲ್ಲಿ ನಾನೇ ಒಮ್ಮೆ ಎಡವಿದ್ದೇನೆ. ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಪೇರೋಲ್ ಸಾಫ್ಟ್‌ವೇರ್‌ನಲ್ಲಿ ಎಲ್ಲರಿಗೂ 60 ದಿನ ಅಂತ ಒಂದೇ ಸೆಟ್ಟಿಂಗ್ ಇತ್ತು. ಪ್ರೊಬೇಷನ್‌ನಲ್ಲಿದ್ದ ಹುಡುಗಿಯೊಬ್ಬಳು ರಾಜೀನಾಮೆ ಕೊಟ್ಟಳು. ಸಾಫ್ಟ್‌ವೇರ್ ಹೇಳಿದ ಮೊತ್ತವನ್ನೇ ಹಾಗೇ ಕಳಿಸಿಬಿಟ್ಟೆ. ಅರ್ಧ ಗಂಟೆಯಲ್ಲಿ ಅವಳ ಉತ್ತರ ಬಂತು. ಆಫರ್ ಲೆಟರ್‌ನ ಎರಡನೇ ಪುಟದ ಫೋಟೋ, ಒಂದು ಸಾಲಿಗೆ ಹಳದಿ ಬಣ್ಣ: "ಪ್ರೊಬೇಷನ್ ಅವಧಿಯಲ್ಲಿ 15 ದಿನ." ಅವಳು ಆ 15 ದಿನವನ್ನು ಮುಗಿಸಿಯೇ ಹೊರಟಿದ್ದಳು. ಕೊಡಬೇಕಾಗಿದ್ದುದು ಸೊನ್ನೆ. ಅವತ್ತಿನಿಂದ ಸಾಫ್ಟ್‌ವೇರ್ ತೆರೆಯುವ ಮುಂಚೆ ಫೈಲ್ ತೆರೆಯುತ್ತೇನೆ.

ಇನ್ನೊಂದು ಗೊಂದಲವೂ ಇದೆ. ಆರು ತಿಂಗಳು ಮುಗಿದು ಎರಡು ತಿಂಗಳಾಗಿರುತ್ತದೆ, ಕನ್ಫರ್ಮೇಷನ್ ಪತ್ರ ಯಾರೂ ಕೊಟ್ಟಿರುವುದಿಲ್ಲ. ಆಗ ಯಾವ ನೋಟಿಸ್? "ಲಿಖಿತವಾಗಿ ಖಾಯಂ ಮಾಡುವವರೆಗೆ ಪ್ರೊಬೇಷನ್ ಮುಂದುವರಿಯುತ್ತದೆ" ಅಂತ ಪತ್ರದಲ್ಲಿದ್ದರೆ ಪ್ರೊಬೇಷನ್ ನೋಟಿಸ್ಸೇ. ಕನ್ಫರ್ಮೇಷನ್ ಕೊಡಲು ಮರೆತು, ರಾಜೀನಾಮೆ ಬಂದ ದಿನ "ನೀವು ಆಗಲೇ ಪರ್ಮನೆಂಟ್ ಆಗಿದ್ದಿರಿ, 60 ದಿನ ಕೊಡಿ" ಅನ್ನುವವರನ್ನು ನೋಡಿದ್ದೇನೆ. ಸಂಬಳ ಏರಿಸುವಾಗ ಪ್ರೊಬೇಷನ್, ಹಣ ಹಿಡಿಯುವಾಗ ಪರ್ಮನೆಂಟ್. ಹೀಗಾಗಲ್ಲ ಅಲ್ವಾ?

ಅದೇ 21 ದಿನ, ಬೇರೆ ಬೇರೆ ಮೊತ್ತ

ಪೀಣ್ಯದ ಹುಡುಗನ ಲೆಕ್ಕಕ್ಕೆ ಬರೋಣ. ಗ್ರಾಸ್ 36,000 ರೂಪಾಯಿ, ಅದರಲ್ಲಿ ಬೇಸಿಕ್ 18,000. ಪ್ರೊಬೇಷನ್‌ನಲ್ಲಿ 30 ದಿನ ನೋಟಿಸ್, ಇಲ್ಲವೇ ಅಷ್ಟು ದಿನದ ಸಂಬಳ, ಎರಡೂ ಕಡೆಯವರಿಗೆ. "ಸಂಬಳ" ಅಂದರೆ ಯಾವುದು ಅಂತ ಬರೆದಿರಲಿಲ್ಲ. ಆ ಪತ್ರವನ್ನು ಎಲ್ಲಿಂದಲೋ ಡೌನ್‌ಲೋಡ್ ಮಾಡಿದ್ದರು, ಬಿಡಿ.

ಜೂನ್ 3ಕ್ಕೆ ನೋಟಿಸ್. ಮಾರನೇ ದಿನದಿಂದ ಎಣಿಸಿದರೆ 30 ದಿನ ಮುಗಿಯುವುದು ಜುಲೈ 3ಕ್ಕೆ. 12ರವರೆಗೆ ಬಂದರೆ 9 ದಿನ ಆಗುತ್ತದೆ, 21 ಬಾಕಿ. ಕೊಟ್ಟ ದಿನವನ್ನೂ ಸೇರಿಸಿ ಎಣಿಸಿದರೆ ಬಾಕಿ 20. ಇಷ್ಟಕ್ಕೇ 1,200 ರೂಪಾಯಿ ವ್ಯತ್ಯಾಸ. ಇನ್ನು 21ಕ್ಕೆ ಎಷ್ಟೆಷ್ಟು ಬರುತ್ತದೆ ನೋಡಿ:

ಗ್ರಾಸ್ ಭಾಗಿಸು 30: ದಿನಕ್ಕೆ 1,200. ಒಟ್ಟು 25,200.
ಬೇಸಿಕ್ ಭಾಗಿಸು 30: ದಿನಕ್ಕೆ 600. ಒಟ್ಟು 12,600.
ಗ್ರಾಸ್ ಭಾಗಿಸು 26, ಭಾನುವಾರ ಬಿಟ್ಟು 18 ದಿನ: 24,923.
ಗ್ರಾಸ್ ಭಾಗಿಸು 26, ಭಾನುವಾರವೂ ಸೇರಿ 21 ದಿನ: 29,077.

ಕೊನೆಯದು ಶುದ್ಧ ತಪ್ಪು. ತಿಂಗಳನ್ನು 26 ಕೆಲಸದ ದಿನ ಅಂತ ಭಾಗಿಸಿದ ಮೇಲೆ ಬಾಕಿಯನ್ನೂ ಕೆಲಸದ ದಿನದಲ್ಲೇ ಎಣಿಸಬೇಕು. ಭಾಗಿಸುವಾಗ ಭಾನುವಾರ ಬಿಟ್ಟು, ಗುಣಿಸುವಾಗ ಸೇರಿಸಿಕೊಂಡರೆ ನಾಲ್ಕು ಸಾವಿರ ಸುಮ್ನೆ ಜಾಸ್ತಿ ಬರುತ್ತದೆ. ಇದನ್ನು ಬೇಕಂತಲೇ ಮಾಡುವವರು ಕಡಿಮೆ. ಎಕ್ಸೆಲ್‌ನಲ್ಲಿ ಯಾರೋ ಯಾವಾಗಲೋ ಹಾಕಿಟ್ಟ ಫಾರ್ಮುಲಾ ಅದು, ಯಾರೂ ಮುಟ್ಟಿರುವುದಿಲ್ಲ. ಸಿಟಿಸಿಯನ್ನು, ಅಂದರೆ ಒಬ್ಬ ನೌಕರನ ಮೇಲೆ ಕಂಪನಿಯ ವರ್ಷದ ಒಟ್ಟು ಖರ್ಚನ್ನು, 365ರಿಂದ ಭಾಗಿಸುವವರೂ ಇದ್ದಾರೆ. ಸಿಟಿಸಿಯಲ್ಲಿ ಕಂಪನಿ ಕಟ್ಟುವ ಪಿಎಫ್ ಪಾಲು, ಗ್ರಾಚ್ಯುಟಿ, ಇನ್ಶೂರೆನ್ಸ್ ಎಲ್ಲಾ ಇರುತ್ತದೆ. ನಾಲ್ಕು ತಿಂಗಳು ಇದ್ದವನಿಗೆ ಗ್ರಾಚ್ಯುಟಿಯ ಒಂದು ಪೈಸೆಯೂ ಸಿಗಲ್ಲ. ಸಿಗದ ದುಡ್ಡನ್ನು ಅವನಿಂದಲೇ ವಸೂಲಿ ಮಾಡುವುದು ಯಾವ ನ್ಯಾಯ?

ಈಗ ಅವನಿಗೆ ಬರಬೇಕಾದ್ದು. ಜೂನ್‌ನ 12 ದಿನಕ್ಕೆ 14,400. ಪಿಎಫ್ ಕಡಿತವನ್ನು ಸದ್ಯಕ್ಕೆ ಪಕ್ಕಕ್ಕಿಡೋಣ. ಆ ತಿಂಗಳು ಅವನಿಗೆ ಬರುವ ಸಂಬಳ 25,000 ಮುಟ್ಟದ ಕಾರಣ ಜೂನ್‌ಗೆ 200 ರೂಪಾಯಿ ವೃತ್ತಿ ತೆರಿಗೆಯೂ ಇಲ್ಲ. ಫುಲ್ ಅಂಡ್ ಫೈನಲ್, ಅಂದರೆ ಕೊನೇ ಲೆಕ್ಕ ಚುಕ್ತಾ ಮಾಡುವ ಆತುರದಲ್ಲಿ ಇದನ್ನೂ ಹಿಡಿದುಬಿಡುತ್ತಾರೆ, ನೋಡಿಕೊಳ್ಳಿ.

ಪೂರ್ತಿ ಹಿಡಿದರೆ

ಮಾಲೀಕರು ಹೇಳಿದ್ದು ಇದೇ. 14,400ರಲ್ಲಿ 25,200 ಕಳೆದರೆ ಮೈನಸ್ 10,800. ಹುಡುಗ 12 ದಿನ ಕೆಲಸ ಮಾಡಿ, ಮೇಲಿಂದ ಹತ್ತು ಸಾವಿರ ಎಂಟುನೂರು ಕಟ್ಟಬೇಕು.

ಹಾಳೆಯ ಮೇಲೆ ಸರಿ ಕಾಣುತ್ತದೆ. ಆದರೆ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರಲ್ಲಿ ವೇತನ ಸಂಹಿತೆಯ ಮೂರು ವಿಷಯ ಇಲ್ಲಿ ಅಡ್ಡ ಬರುತ್ತವೆ.

ಒಂದು, ರಾಜೀನಾಮೆ ಕೊಟ್ಟವರ ಸಂಬಳದ ಬಾಕಿಯನ್ನು ಎರಡು ಕೆಲಸದ ದಿನದೊಳಗೆ ಕೊಡಬೇಕು. "ಫುಲ್ ಅಂಡ್ ಫೈನಲ್ 45 ದಿನಕ್ಕೆ" ಅನ್ನುವ ಹಳೇ ಮೇಲ್ ಟೆಂಪ್ಲೇಟ್ ಇಟ್ಟುಕೊಂಡಿದ್ದರೆ ಅಳಿಸಿ. ಎರಡು, ಯಾವ ಯಾವ ಕಾರಣಕ್ಕೆ ಸಂಬಳದಲ್ಲಿ ಹಣ ಹಿಡಿಯಬಹುದು ಅಂತ 18ನೇ ಸೆಕ್ಷನ್‌ನಲ್ಲಿ ಒಂದು ಪಟ್ಟಿ ಇದೆ. ಗೈರುಹಾಜರಿ, ಮುಂಗಡ, ಸಾಲ, ತೆರಿಗೆ, ಪಿಎಫ್, ನೌಕರರ ಕೈಯಲ್ಲಿ ಹಾಳಾದ ಸಾಮಾನು ಹೀಗೆ. ಆ ಪಟ್ಟಿಯಲ್ಲಿ ನೋಟಿಸ್ ಪೇ ಅನ್ನುವ ಹೆಸರೇ ಇಲ್ಲ. ಮೂರು, ಪಟ್ಟಿಯಲ್ಲಿದ್ದ ಕಡಿತಗಳೂ ಎಲ್ಲಾ ಸೇರಿ ಆ ಅವಧಿಯ ವೇತನದ ಅರ್ಧ ದಾಟುವಂತಿಲ್ಲ. ಈ ಹುಡುಗನ ಮಟ್ಟಿಗೆ ಅರ್ಧ ಅಂದರೆ 7,200. ಪಿಎಫ್ ಕೂಡ ಅದರೊಳಗೇ ಬರುತ್ತದೆ.

"ಹಾಗಾದರೆ ಸಂಬಳ ಪೂರ್ತಿ ಕೊಟ್ಟು, ಅವನ ಕೈಯಲ್ಲೇ ವಾಪಸ್ ಗೂಗಲ್ ಪೇ ಮಾಡಿಸೋಣ" ಅಂದರು ಮಾಲೀಕರು. ಚುರುಕು ತಲೆ! ಆದರೆ ಕಾನೂನು ಬರೆದವರಿಗೂ ಈ ಉಪಾಯ ಹೊಳೆದಿತ್ತು. ನೌಕರ ಮಾಲೀಕರಿಗೆ ಕೊಡುವ ಹಣವನ್ನೂ ಕಡಿತ ಅಂತಲೇ ಪರಿಗಣಿಸಬೇಕು ಅಂತ ಅದೇ ಸೆಕ್ಷನ್‌ನಲ್ಲಿದೆ. 1936ರ ವೇತನ ಪಾವತಿ ಕಾಯ್ದೆಯಲ್ಲೂ ಈ ಸಾಲು ಇತ್ತು.

ಹಾಗಂತ ಕರಾರಿಗೆ ಬೆಲೆಯೇ ಇಲ್ಲ ಅಂತಲ್ಲ. 30 ದಿನಕ್ಕೆ ಸಹಿ ಹಾಕಿ 9 ದಿನಕ್ಕೆ ಹೊರಟರೆ ಅದು ಕರಾರು ಮುರಿದಂತೆಯೇ. ಕೋರ್ಟಿನಲ್ಲಿ ಪರಿಹಾರ ಕೇಳಬಹುದು. ಅಲ್ಲಿ 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಬರುತ್ತದೆ. ಪತ್ರದಲ್ಲಿ ಬರೆದ ಮೊತ್ತ ಒಂದು ಮಿತಿ ಮಾತ್ರ. ಅದರೊಳಗೆ ಎಷ್ಟು ನ್ಯಾಯವೋ ಅಷ್ಟೇ ಸಿಗುವುದು.

ಇಲ್ಲಿ ಕೆಲವರು ವಿಜಯಾ ಬ್ಯಾಂಕ್ ತೀರ್ಪನ್ನು ಎತ್ತುತ್ತಾರೆ. ಮೂರು ವರ್ಷದ ಮುಂಚೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅಂತ ಬ್ಯಾಂಕ್ ಷರತ್ತು ಹಾಕಿತ್ತು. ಅಧಿಕಾರಿಯೊಬ್ಬರು 2009ರಲ್ಲಿ ರಾಜೀನಾಮೆ ಕೊಟ್ಟು, ಆಕ್ಷೇಪ ದಾಖಲಿಸಿಯೇ ಹಣ ಕಟ್ಟಿ, ಆಮೇಲೆ ಕೋರ್ಟಿಗೆ ಹೋದರು. ಕರ್ನಾಟಕ ಹೈಕೋರ್ಟ್‌ನಲ್ಲಿ ಅವರು ಗೆದ್ದರು. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಷರತ್ತು ಸರಿ ಅಂದಿತು. ನಿಜ. ಆದರೆ ಅದು ಸರ್ಕಾರಿ ಬ್ಯಾಂಕ್. ಒಬ್ಬರು ಬಿಟ್ಟರೆ ಜಾಹೀರಾತು ಕೊಟ್ಟು, ಎಲ್ಲರಿಗೂ ಅವಕಾಶ ಕೊಟ್ಟು ಹೊಸದಾಗಿ ನೇಮಕಾತಿ ಮಾಡಬೇಕು. ಆ ಖರ್ಚನ್ನು ಕೋರ್ಟ್ ಲೆಕ್ಕಕ್ಕೆ ತೆಗೆದುಕೊಂಡಿತು. ನಾಲ್ಕು ತಿಂಗಳು ಇದ್ದ ಪರ್ಚೇಸ್ ಹುಡುಗನ ಜಾಗಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಮೆಸೇಜ್ ಹಾಕಿ ಜನ ಹುಡುಕುವ ನಾವು ಆ ತೀರ್ಪನ್ನು ಎದೆಗೆ ಕಟ್ಟಿಕೊಂಡು ಹೋದರೆ ಏನು ತೋರಿಸುತ್ತೇವೆ?

ಪೂರ್ತಿ ಹಿಡಿಯುವುದು ಸರಿ ಅನಿಸುವ ಸಂದರ್ಭವೂ ಇದೆ. ಕಂಪನಿ ನಿಜಕ್ಕೂ ದುಡ್ಡು ಸುರಿದು ತರಬೇತಿ ಕೊಟ್ಟಿದೆ, ಬಿಲ್ಲುಗಳಿವೆ, ಕೆಲಸ ನಡುವೆ ನಿಂತು ಗ್ರಾಹಕರು ದಂಡ ಹಾಕಿದ್ದಾರೆ. ಆಗ ವಕೀಲರನ್ನು ಕಾಣಿ. 10,800ಕ್ಕೆ ವಕೀಲರ ಆಫೀಸಿನ ಮೆಟ್ಟಿಲು ಹತ್ತುವುದು ನನಗಂತೂ ಸರಿ ಕಾಣುವುದಿಲ್ಲ.

ಬೇಸಿಕ್ ಮೇಲೆ ಹಿಡಿದರೆ

14,400ರಲ್ಲಿ 12,600 ಹೋದರೆ 1,800 ಉಳಿಯುತ್ತದೆ. ಮೈನಸ್ ಬರುವುದಿಲ್ಲ ಅಂತ ಎಷ್ಟೋ ಕಂಪನಿಗಳಿಗೆ ಇದು ಇಷ್ಟ. ಪತ್ರದಲ್ಲಿ "ಸಂಬಳ" ಅಂತ ಮಾತ್ರ ಇದ್ದಾಗ ನಾನು ಈ ಕಡೆಗೇ ವಾಲುತ್ತೇನೆ. ಪತ್ರ ಬರೆದವರು ನಾವು. ಅದು ಅಸ್ಪಷ್ಟವಾಗಿದ್ದರೆ ಅದರ ಭಾರ ನಾವೇ ಹೊರಬೇಕು.

ಆದರೂ ಅರ್ಧದ ಮಿತಿ ದಾಟಿತು, ಗಮನಿಸಿದಿರಾ? ಹಾಗಾಗಿ ಇದೂ ಪೂರ್ತಿ ಸುರಕ್ಷಿತ ಅಲ್ಲ. ಬಾಕಿ ದಿನ ಕಡಿಮೆ ಇದ್ದಾಗ, ತಿಂಗಳ ಕೊನೆಯಲ್ಲಿ ಹೋಗುವಾಗ, ಅವರ ಒಪ್ಪಿಗೆ ಮೇಲ್‌ನಲ್ಲಿ ಇದ್ದಾಗ ಮಾತ್ರ ಈ ದಾರಿ ಸಲೀಸು.

ಮಾಲೀಕರೇ ಪ್ರೊಬೇಷನ್‌ನಲ್ಲಿ ಯಾರನ್ನಾದರೂ ಕಳಿಸುವಾಗ ಯಾವ ಲೆಕ್ಕದಲ್ಲಿ ಕೊಡುತ್ತೀರೋ, ಅವರು ಬಿಡುವಾಗಲೂ ಅದೇ ಲೆಕ್ಕ ಇರಲಿ. ಕೊಡುವಾಗ ಬೇಸಿಕ್, ತಗೊಳ್ಳುವಾಗ ಗ್ರಾಸ್ ಅಂದರೆ ಉಳಿದ ಇಪ್ಪತ್ತೊಂದು ಜನ ನೋಡುತ್ತಿರುತ್ತಾರೆ.

ರಜೆಯಲ್ಲಿ ಹೊಂದಿಸುವುದು

ಪ್ರೊಬೇಷನ್‌ನಲ್ಲಿ ಇದು ಸಣ್ಣ ಮಾತು. ಇಪ್ಪತ್ತು ದಿನ ಕೆಲಸಕ್ಕೆ ಒಂದು ದಿನ ಗಳಿಕೆ ರಜೆ ಅಂತ ಲೆಕ್ಕ ಹಾಕಿದರೂ ನಾಲ್ಕು ತಿಂಗಳಿಗೆ ಐದು ದಿನ ಬಂದರೆ ಹೆಚ್ಚು. ಆ ಐದು ದಿನವನ್ನು ಬಾಕಿ ನೋಟಿಸ್‌ಗೆ ಜಮಾ ಮಾಡಿಕೊಳ್ಳಿ, ಇಬ್ಬರಿಗೂ ಬೇಜಾರಿಲ್ಲ. ಕ್ಯಾಶುಯಲ್ ಮತ್ತು ಸಿಕ್ ಲೀವ್ ಇದಕ್ಕೆ ಬರುವುದಿಲ್ಲ.

ದಿನ ಕಮ್ಮಿ ಮಾಡಿ, ಕೆಲಸ ಬರೆಸಿಕೊಳ್ಳುವುದು

ನನ್ನ ಮತ ಇದಕ್ಕೆ. ಅದೂ ಪ್ರೊಬೇಷನ್‌ನಲ್ಲಂತೂ ಹತ್ತರಲ್ಲಿ ಎಂಟು ಸಲ ಇದಕ್ಕೇ.

ನೋಟಿಸ್ ಯಾಕಿದೆ? ಕೆಲಸ ಇನ್ನೊಬ್ಬರ ಕೈಗೆ ಹೋಗಲಿ ಅಂತ. ನಾಲ್ಕು ತಿಂಗಳ ಹಿಂದೆ ಬಂದವನ ತಲೆಯಲ್ಲಿ ಮೂವತ್ತು ದಿನ ಹಸ್ತಾಂತರಿಸುವಷ್ಟು ಏನಿರುತ್ತದೆ? ಮನಸ್ಸು ಆಗಲೇ ಹೊಸ ಆಫೀಸಿಗೆ ಹೋಗಿರುತ್ತದೆ. ಜಬರ್ದಸ್ತಿಯಿಂದ ಕೂರಿಸಿಕೊಂಡರೆ ಕುರ್ಚಿಯಲ್ಲಿ ಇರುತ್ತಾನೆ, ಫೋನ್ ನೋಡುತ್ತಾನೆ, ನೀವು ದಿನಕ್ಕೆ 1,200 ಕೊಡುತ್ತೀರಿ. ಅಂದ ಹಾಗೆ, ಕೂರಿಸಿಕೊಳ್ಳಲು ಕಾನೂನಿನ ಬಲವೂ ಇಲ್ಲ. ವೈಯಕ್ತಿಕ ಸೇವೆಯ ಕರಾರನ್ನು ಬಲವಂತವಾಗಿ ಪಾಲನೆ ಮಾಡಿಸಲು ಕೋರ್ಟ್ ಕೂಡ ಹೋಗುವುದಿಲ್ಲ.

ಅವತ್ತು ಮಾಲೀಕರನ್ನು ನಾನು ಕೇಳಿದ್ದು ಒಂದೇ. "ಸರ್, ದುಡ್ಡು ಬಿಡಿ. ಇವನು ನಾಳೆಯಿಂದ ಬರದೇ ಇದ್ದರೆ ಏನು ನಿಲ್ಲುತ್ತೆ?"

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೊರಬಂತು. ಹದಿನಾಲ್ಕು ಪರ್ಚೇಸ್ ಆರ್ಡರ್ ಬಾಕಿ ಇವೆ. ಯಾವ ಸಪ್ಲೈಯರ್‌ಗೆ ಎಷ್ಟು ಅಡ್ವಾನ್ಸ್ ಹೋಗಿದೆ, ಯಾರು ಯಾವತ್ತು ಮಾಲು ಕಳಿಸುತ್ತೇನೆ ಅಂದಿದ್ದಾರೆ, ಎಲ್ಲಾ ಅವನ ಫೋನಿನಲ್ಲಿದೆ. ಕಂಪನಿ ಕೊಟ್ಟ ಸಿಮ್ಮೂ ಅಲ್ಲ, ಅವನದೇ ನಂಬರ್. ಅಂದರೆ ಅವರ ಭಯ 25,200 ರೂಪಾಯಿಯದ್ದಲ್ಲ. ಹದಿನಾಲ್ಕು ಸಾಲಿನ ಒಂದು ಪಟ್ಟಿಯದ್ದು.

ಹುಡುಗನನ್ನು ಕರೆಸಿ ಕೂತೆವು. ಅವನು 13ರ ಶನಿವಾರವೂ ಬರುವುದು. ಹದಿನಾಲ್ಕು ಆರ್ಡರ್‌ಗಳ ಪಟ್ಟಿ ಎಕ್ಸೆಲ್‌ನಲ್ಲಿ ಮಾಡುವುದು, ಪ್ರತಿ ಸಪ್ಲೈಯರ್‌ಗೆ ಸ್ಟೋರ್ಸ್ ನೋಡಿಕೊಳ್ಳುವವರ ಎದುರೇ ಫೋನ್ ಮಾಡಿ "ಇನ್ನು ಮುಂದೆ ಇವರು ಮಾತಾಡ್ತಾರೆ" ಅನ್ನುವುದು. ಜೂನ್ ಮುಗಿಯುವವರೆಗೆ ಸಂಜೆ ಫೋನ್ ಎತ್ತುವುದು. ಇಷ್ಟು ಮಾಡಿದರೆ ಬಾಕಿ ನೋಟಿಸ್ ಬಿಡುವುದು.

"ಪೂರ್ತಿ ಬಿಟ್ರೆ ನಾಳೆ ಎಲ್ಲರೂ ಹೀಗೇ ಮಾಡ್ತಾರೆ ಮೇಡಂ" ಅಂತ ಮಾಲೀಕರು ತಗಾದೆ ತೆಗೆದರು. ಅದರಲ್ಲೂ ಹುರುಳಿದೆ. ಕೊನೆಗೆ ಐದು ದಿನದ ಬೇಸಿಕ್, 3,000 ರೂಪಾಯಿ ಅಂತ ಹುಡುಗನೇ ಒಪ್ಪಿ ಮೇಲ್ ಕಳಿಸಿದ. 13 ದಿನಕ್ಕೆ 15,600, ಅದರಲ್ಲಿ 3,000 ಕಳೆದು 12,600. ಮಂಗಳವಾರ 16ಕ್ಕೆ ಅವನ ಖಾತೆಗೆ ಹೋಯಿತು. ಶನಿವಾರ ಕೊನೇ ದಿನ, ಎರಡು ಕೆಲಸದ ದಿನ ಅಂದರೆ ಮಂಗಳವಾರ.

ಪೂರ್ತಿ ಬಿಟ್ಟುಬಿಡುವುದು

ಸೇರಿ ಒಂದು ತಿಂಗಳೂ ಆಗಿಲ್ಲ, ಇನ್ನೂ ಕಲಿಯುತ್ತಿದ್ದಾರೆ, ಅವರ ಹೆಸರಲ್ಲಿ ಒಂದು ಕೆಲಸವೂ ನಿಂತಿಲ್ಲ. ಬಿಡಿ. ಮನೆಯಲ್ಲಿ ಕಾಯಿಲೆ, ಮದುವೆಯಾಗಿ ಊರು ಬದಲು, ಪರೀಕ್ಷೆ ಪಾಸಾಗಿ ಸರ್ಕಾರಿ ಕೆಲಸ. ಬಿಡಿ. ಆದರೆ ಬಿಟ್ಟಿದ್ದನ್ನು ಬರವಣಿಗೆಯಲ್ಲಿ ಬಿಡಿ. "ನಿಮ್ಮ ಕೋರಿಕೆಯಂತೆ ಉಳಿದ ನೋಟಿಸ್ ಅವಧಿಯನ್ನು ಮನ್ನಾ ಮಾಡಲಾಗಿದೆ, ಕೊನೆಯ ದಿನ ಇಂಥದ್ದು" ಅಂತ ಒಂದು ಮೇಲ್ ಸಾಕು. ಬಾಯಲ್ಲಿ "ಹೋಗಪ್ಪ, ಒಳ್ಳೇದಾಗ್ಲಿ" ಅಂದು ಕಳಿಸಿ, ಮೂರು ತಿಂಗಳಾದ ಮೇಲೆ ಆಡಿಟ್‌ನಲ್ಲಿ ಬಾಕಿ ತೋರಿಸಿದರೆ ಇಬ್ಬರಿಗೂ ಕಿರಿಕಿರಿ.

ಹೊಸ ಕಂಪನಿ ಕಟ್ಟಿಕೊಡುತ್ತದೆ ಅಂದಾಗ

ಐಟಿ ಕಡೆ ಇದನ್ನು ಬೈಔಟ್ ಅನ್ನುತ್ತಾರೆ. ಹೊಸಬರು ತಕ್ಷಣ ಬೇಕು, ಹಳೇ ಕಡೆಯ ನೋಟಿಸ್ ಹಣ ನಾವು ಕೊಡುತ್ತೇವೆ ಅನ್ನುತ್ತಾರೆ. ಹಳೇ ಕಂಪನಿಗೆ ಇದರಿಂದ ವ್ಯತ್ಯಾಸ ಇಲ್ಲ, ಹಣ ನೌಕರರ ಮೂಲಕವೇ ಬರುತ್ತದೆ. ನೌಕರರಿಗೆ ಮಾತ್ರ ಒಂದು ಎಚ್ಚರಿಕೆ. ಹೊಸ ಕಂಪನಿ ಕೊಡುವ ಆ ಹಣ ಸಂಬಳ ಅಂತಲೇ ತೆರಿಗೆಗೆ ಬರುತ್ತದೆ. 25,200 ಕಟ್ಟಿ, ತೆರಿಗೆ ಹೋಗಿ ಕೈಗೆ ಅದಕ್ಕಿಂತ ಕಡಿಮೆ ಸಿಕ್ಕಿದಾಗ ಮುಖ ಸಪ್ಪಗೆ ಮಾಡಿಕೊಂಡವರಿದ್ದಾರೆ. ಹಳೇ ಕಂಪನಿ ಹಿಡಿದ ಹಣವನ್ನು ಆದಾಯದಿಂದ ಕಳೆಯಬಹುದಾ? ಅಹಮದಾಬಾದ್‌ನ ಆದಾಯ ತೆರಿಗೆ ನ್ಯಾಯಮಂಡಳಿ 2017ರಲ್ಲಿ ಒಬ್ಬ ನೌಕರರ ಪರ ಹೇಳಿದ್ದಿದೆ. ಮೊತ್ತ ದೊಡ್ಡದಿದ್ದರೆ ನಿಮ್ಮ ಆಡಿಟರ್ ಹತ್ತಿರ ಆ ಮಾತೆತ್ತಿ.

ಜಿಎಸ್‌ಟಿ? ಇಲ್ಲ. ಮುಂಚೆ ನೋಟಿಸ್ ಪೇ ಮೇಲೆ 18 ಪರ್ಸೆಂಟ್ ಸೇರಿಸಿ ಕೇಳುವವರಿದ್ದರು. 2022ರ ಆಗಸ್ಟ್ 3ರ 178ನೇ ಸುತ್ತೋಲೆಯಲ್ಲಿ ಅದು ಅನ್ವಯಿಸುವುದಿಲ್ಲ ಅಂತ ಸ್ಪಷ್ಟ ಮಾಡಿದ್ದಾರೆ. ಯಾರಾದರೂ ಕೇಳಿದರೆ ಸುತ್ತೋಲೆಯ ನಂಬರ್ ಹೇಳಿ, ಸಾಕು.

"ಇವತ್ತೇ ಹೊರಡು" ಅಂದ ಮೇಲೆ

ಕೋಪದಲ್ಲಿ ಆಗುವ ತಪ್ಪು ಇದು. ನೌಕರ 30 ದಿನ ನೋಟಿಸ್ ಕೊಟ್ಟು ಕೆಲಸ ಮಾಡಲು ತಯಾರಿದ್ದಾನೆ. ಮಾಲೀಕರೇ "ನಾಳೆಯಿಂದ ಬರಬೇಡ" ಅನ್ನುತ್ತಾರೆ, ಲ್ಯಾಪ್‌ಟಾಪ್ ಕಿತ್ತುಕೊಳ್ಳುತ್ತಾರೆ. ತಿಂಗಳ ಕೊನೆಗೆ "30 ದಿನ ಸರ್ವ್ ಮಾಡಿಲ್ಲ" ಅಂತ ಹಣ ಹಿಡಿಯುತ್ತಾರೆ. ಅವನು ಮಾಡಲ್ಲ ಅಂದನಾ, ನೀವು ಬೇಡ ಅಂದಿರಾ? ಬೇಡ ಅಂದಿದ್ದು ನೀವಾದರೆ ಹಿಡಿಯುವ ಮಾತೇ ಬರುವುದಿಲ್ಲ. ಎರಡೂ ಕಡೆಗೆ ಒಂದೇ ಷರತ್ತು ಇದ್ದರೆ ಉಳಿದ ದಿನದ ಸಂಬಳ ನೀವೇ ಕೊಡಬೇಕಾಗಿ ಬರಬಹುದು. ಡೇಟಾ ಭಯ ಇದ್ದರೆ ಲಾಗಿನ್ ತೆಗೆಯಿರಿ, ಮನೆಯಲ್ಲಿರು ಅನ್ನಿ, ಸಂಬಳ ಕೊಡಿ. ಇಲ್ಲವೇ ಬೇಗ ಬಿಡುಗಡೆಗೆ ಇಬ್ಬರೂ ಒಪ್ಪಿ ಮೇಲ್ ಮಾಡಿಕೊಳ್ಳಿ.

ಹೇಳದೇ ಹೋದವರು

ಸೋಮವಾರ ಬರಲಿಲ್ಲ, ಮಂಗಳವಾರ ಫೋನ್ ಸ್ವಿಚ್ ಆಫ್. ಇಂಥವರಿಗೆ ಮೊದಲು ಹುಷಾರಿದ್ದಾರಾ ಅಂತ ವಿಚಾರಿಸಿ. ನಿಜವಾಗಿ ಆಸ್ಪತ್ರೆಯಲ್ಲಿದ್ದ ಹುಡುಗನಿಗೆ ನಾವು ಒಮ್ಮೆ "ಪರಾರಿ" ಪತ್ರ ಕಳಿಸಿದ್ದೆವು, ಇವತ್ತಿಗೂ ನಾಚಿಕೆಯಾಗುತ್ತದೆ. ಆಮೇಲೆ ಮೇಲ್ ಮಾಡಿ, ಮನೆ ವಿಳಾಸಕ್ಕೆ ಪತ್ರ ಹಾಕಿ. ರಿಜಿಸ್ಟರ್ಡ್ ಪೋಸ್ಟ್ ಅಂತ ಅಂಚೆ ಕಚೇರಿಗೆ ಹೋದರೆ ಈಗ ಸ್ಪೀಡ್ ಪೋಸ್ಟೇ ಸಿಗುವುದು, 2025ರಲ್ಲಿ ಎರಡನ್ನೂ ಸೇರಿಸಿದ್ದಾರೆ. ರಸೀದಿ ಫೈಲ್‌ಗೆ ಹಾಕಿ. ಬಂದಷ್ಟು ದಿನದ ಸಂಬಳವನ್ನು ಮಾತ್ರ ತಡೆಹಿಡಿಯಬೇಡಿ, ಅದು ಅವರು ದುಡಿದದ್ದು.

ಇನ್ನೊಂದು ಮಾತು. ಮಾರ್ಕ್ಸ್ ಕಾರ್ಡ್ ಒರಿಜಿನಲ್ ಇಟ್ಟುಕೊಂಡು "ದುಡ್ಡು ಕಟ್ಟಿ ತಗೊಂಡು ಹೋಗು" ಅನ್ನುವವರು ಇವತ್ತಿಗೂ ಇದ್ದಾರೆ. ದಯವಿಟ್ಟು ಬೇಡ. ಪಿಎಫ್‌ನಲ್ಲಿ ಬಿಟ್ಟ ದಿನಾಂಕ ಹಾಕದೆ ಸತಾಯಿಸುವುದೂ ಹಳೇ ಆಟ. ಅದಕ್ಕೆ ಈಗ ಮೊದಲಿನ ಬೆಲೆ ಇಲ್ಲ. ಕೊನೇ ಕಂತು ಜಮಾ ಆಗಿ ಎರಡು ತಿಂಗಳು ಕಳೆದರೆ ನೌಕರರೇ ಪಿಎಫ್‌ನ ಯುಎಎನ್ ಪೋರ್ಟಲ್‌ನಲ್ಲಿ ದಿನಾಂಕ ಹಾಕಿಕೊಳ್ಳಬಹುದು.

ಮುಂದಿನ ಆಫರ್ ಲೆಟರ್‌ಗೆ

ಆ ಜೂನ್ ಆದ ಮೇಲೆ ಪೀಣ್ಯದ ಮಾಲೀಕರ ಪತ್ರವನ್ನು ತಿದ್ದಿ ಕೊಟ್ಟೆ. ಪ್ರೊಬೇಷನ್‌ನ ಮೊದಲ ತಿಂಗಳು ಎರಡೂ ಕಡೆ 7 ದಿನ. ಆಮೇಲೆ ಪ್ರೊಬೇಷನ್ ಮುಗಿಯುವವರೆಗೆ 15 ದಿನ. ನೋಟಿಸ್ ಕೊಟ್ಟ ಮಾರನೇ ದಿನದಿಂದ ಎಣಿಕೆ, ಕ್ಯಾಲೆಂಡರ್ ದಿನಗಳು, 30ರಿಂದ ಭಾಗಾಕಾರ. ಕಂಪನಿ ಬೇಗ ಬಿಡುಗಡೆ ಮಾಡಿದರೆ ವಸೂಲಿ ಇಲ್ಲ. ಬಾಕಿ ಕೆಲಸದ ಪಟ್ಟಿಯನ್ನು ಕೊಟ್ಟು ಸಹಿ ಪಡೆದವರಿಗೆ ಉಳಿದ ದಿನ ಮನ್ನಾ ಮಾಡಬಹುದು. ಹಣದ ಸಾಲಿನಲ್ಲಿ ನಾನು "ಗ್ರಾಸ್ / ಬೇಸಿಕ್" ಅಂತ ಎರಡೂ ಬಿಟ್ಟು, ನೀವೇ ಆರಿಸಿ ಅಂದಿದ್ದೆ.

ಪ್ರಿಂಟ್ ಮೇಜಿನ ಮೇಲೆ ಎರಡು ದಿನ ಬಿದ್ದಿತ್ತು. ಮೂರನೇ ದಿನ ವಾಪಸ್ ಬಂತು. "ಗ್ರಾಸ್" ಅನ್ನುವುದನ್ನು ನೀಲಿ ಪೆನ್ನಿನಲ್ಲಿ ಹೊಡೆದು ಹಾಕಿದ್ದರು. ಅದರ ಕೆಳಗೆ ಅವರದೇ ಕೈಬರಹದಲ್ಲಿ ಒಂದು ಸಾಲು ಸೇರಿತ್ತು: "ಸಪ್ಲೈಯರ್ ಜೊತೆ ಮಾತಾಡಲು ಕಂಪನಿ ಸಿಮ್ ಮಾತ್ರ."